ಕಳೆದ ಐದು ದಿನ ಹುಡುಕಿಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ಬೆರಳಿಗಿಂತ ಅರ್ಧ ಇಂಚು ಮುಂದೆ ಬಂದಿತ್ತು. ತುದಿ ದುಂಡಗಿರಲಿಲ್ಲ. ಪ್ರತಿ ಶನಿವಾರ ಅಂಗಡಿ ಮುಚ್ಚುವ ಮೊದಲು ಕಾನಸಿನಿಂದ, ಕಬ್ಬಿಣ ಉಜ್ಜುವ ಅರದಿಂದ, ತಿಕ್ಕಿ ಅದನ್ನು ನೆಟ್ಟಗೆ, ಚಪ್ಪಟೆಯಾಗಿ ಮಾಡಿಕೊಳ್ಳುತ್ತಿದ್ದರು. ಬೆಸುಗೆಯ ಹೊಗೆ ಕುಡಿದು ಕುಡಿದು ಅದು ಎಮ್ಮೆಯ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ರೇಡಿಯೋದ ಸಣ್ಣ ಸ್ಕ್ರೂ ಬಿಚ್ಚುವುದಕ್ಕೆ ಆ ಉಗುರು, ವೈರಿನ ಮೇಲಿನ ರಬ್ಬರು ಸುಲಿಯುವುದಕ್ಕೆ ಆ ಉಗುರು, ಗಡಿಯಾರದ ಬೆನ್ನು ತೆಗೆಯುವುದಕ್ಕೂ ಅದೇ. ಮೂವತ್ತನಾಲ್ಕು ವರ್ಷ ನರ್ಸ್ ಕೆಲಸ ಮಾಡಿದ ನನಗೆ ಉದ್ದ ಉಗುರು ಕಂಡರೆ ಆಗುವುದಿಲ್ಲ. ಪರಿಚಯವಾದ ದಿನವೇ ಹೇಳಿದ್ದೆ.

“ಮಾಮಾ, ಆ ಉಗರ ತಗದ ಒಗೀರಿ. ಅದರಾಗ ಎಷ್ಟ ಹೊಲಸ ಕುಂದರತೈತಿ ಗೊತ್ತೈತೇನ್ರಿ?”

ಅವರು ಉಗುರನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. “ಬಾಯಾರ, ನೀವು ನಿಮ್ಮ ಕತ್ತರಿ ಟ್ರೇದಾಗ ಇಡತೀರಿ. ನಾ ನನ್ನ ಹತ್ಯಾರ ಕೈಯಾಗ ಬೆಳಸೇನಿ. ಅಷ್ಟ ಫರಕ.”

ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ಪತ್ರಾ ಹೊದಿಸಿದ ಒಂದು ಕೋಣೆ ಅವರ ರಿಪೇರಿ ಅಂಗಡಿ. ಹುಟ್ಟಿದ್ದು ಬೇಡಕಿಹಾಳದಲ್ಲಿ. ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ಒಬ್ಬ ರೇಡಿಯೋ ಮೇಸ್ತ್ರಿಯ ಕೈಕೆಳಗೆ. ಊರಿನವರಿಗೆಲ್ಲ ಅವರು ಮಾಮಾ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ರೈತರು ಟ್ರ್ಯಾಕ್ಟರಿನಲ್ಲಿ ಟಿವಿಯನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಬರುತ್ತಿದ್ದರು. ಬಿಳಿ ಪಾಯಿಜಾಮ, ಬಿಳಿ ಅಂಗಿ, ಬಿಳಿ ಟೋಪಿ. ಕೆಲಸಕ್ಕೆ ಕುಳಿತರೆ ಮೊದಲು ಟೋಪಿ ತೆಗೆದು ಮಗ್ಗುಲಲ್ಲಿ ಅಂಗಾತ ಇಡುವುದು, ಬಿಚ್ಚಿದ ಸ್ಕ್ರೂಗಳನ್ನು ಅದರೊಳಗೆ ಹಾಕುವುದು. ಎಲ್ಲ ಸ್ಕ್ರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಟೋಪಿ ಖಾಲಿಯಾದ ಮೇಲೆಯೇ ಅದು ತಲೆಗೆ ಏರುತ್ತಿತ್ತು. “ಮಾಮಾ ಟೋಪಿ ಹಾಕ್ಯಾರ” ಎಂದರೆ ಯಂತ್ರ ನಡೆಯಿತು ಎಂದೇ ಅರ್ಥ. ಮನುಷ್ಯರೊಂದಿಗೆ ಕನ್ನಡ ಮಾತಾಡುತ್ತಿದ್ದರು. ಯಂತ್ರಗಳೊಂದಿಗೆ ಮರಾಠಿ. “ಬೋಲ್ ಬಾಬಾ, ಕಾಯ್ ಝಾಲಂ?” ಹೇಳಪ್ಪಾ, ಏನಾಯಿತು ಎಂದು ವಿಚಾರಿಸಿಯೇ ಅವರು ಯಾವ ಪೆಟ್ಟಿಗೆಯನ್ನಾದರೂ ತೆರೆಯುತ್ತಿದ್ದುದು.

ಅದಕ್ಕೂ ಮೊದಲು ಯಂತ್ರದ ಯಜಮಾನನಿಗೆ ಮೂರು ಪ್ರಶ್ನೆ ಇರುತ್ತಿದ್ದವು. ಯಾವಾಗಿಂದ ನಿಂತೈತಿ? ಅದಕ್ಕ ಮದಲ ನೀವೇನ ಮಾಡಿದ್ರಿ? ಮತ್ತ್ಯಾರ ಮುಟ್ಟ್ಯಾರು? ಈ ಮೂರಕ್ಕೆ ಉತ್ತರ ಸಿಗದೆ ಅವರು ಸ್ಕ್ರೂ ಮುಟ್ಟಿದ್ದನ್ನು ನಾನು ನೋಡಿಲ್ಲ. “ಕೆಟ್ಟೈತ್ರಿ” ಎಂದು ಯಾರಾದರೂ ಹೇಳಿದರೆ ತಿದ್ದುತ್ತಿದ್ದರು: “ಕೆಟ್ಟೈತಿ ಅನಬ್ಯಾಡ್ರಿ. ನಿಂತೈತಿ ಅನ್ರಿ.”

ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ನಾನಾಗ ಹಳ್ಳಿಯೊಂದರ ಆಸ್ಪತ್ರೆಯಲ್ಲಿದ್ದೆ. ಮರುದಿನ ಮಕ್ಕಳಿಗೆ ಲಸಿಕೆ; ಹಿಂದಿನ ಮಧ್ಯಾಹ್ನ ಲಸಿಕೆ ಇಟ್ಟಿದ್ದ ಫ್ರಿಜ್ ನಿಂತುಬಿಟ್ಟಿತು. ಮಾಮಾ ಕಬ್ಬು ಇಳಿಸಿ ಮರಳುತ್ತಿದ್ದ ಟ್ರ್ಯಾಕ್ಟರ್ ಹತ್ತಿ ಬಂದರು. ಮೂರು ಪ್ರಶ್ನೆ ಕೇಳಿದರು. ಫ್ರಿಜ್ಜಿನ ಸುತ್ತ ಒಮ್ಮೆ ಅಡ್ಡಾಡಿದರು. ಒಂದೂ ಸ್ಕ್ರೂ ಬಿಚ್ಚದೆ, ಅದನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, “ಅರ್ಧಾ ತಾಸ ಬಿಡ್ರಿ, ಬೆನ್ನ ಆರಲಿ” ಎಂದು ಚಹಾ ಕುಡಿಯುತ್ತ ಕುಳಿತರು. ಅರ್ಧ ಗಂಟೆಗೆ ಸರಿಯಾಗಿ ಫ್ರಿಜ್ ಗುಂಯ್ ಎಂದಿತು.

“ಯಾರ ಇದನ್ನ ಗ್ವಾಡಿಗೆ ಒತ್ತಿದಾರು?” ಎಂದು ನಾನು ಸಿಬ್ಬಂದಿಯ ಕಡೆ ತಿರುಗಿದೆ. ಕಸ ಗುಡಿಸುವ ಮುದುಕಿ ಬಾಗಿಲ ಬಳಿ ಸೀರೆಯ ಸೆರಗು ಹಿಡಿದು ನಿಂತಿದ್ದಳು.

“ಅದು ರಿಪೇರಿದಾಗ ಬರೂದಿಲ್ರಿ ಬಾಯಾರ,” ಎಂದು ಮಾಮಾ ಟೋಪಿ ಹಾಕಿಕೊಂಡರು. “ಗ್ವಾಡಿ ಸಮೀಪ ಬಂದಿತ್ತು. ಈಗ ದೂರ ಹೋಗೇತಿ.”

ಆ ಮಾತಿನ ಬೆಲೆ ನನಗೆ ತಿಳಿಯಲು ಇನ್ನೂ ಹದಿಮೂರು ವರ್ಷ ಬೇಕಾಯಿತು.

ನಿವೃತ್ತಿಯಾದ ಮೇಲೆ ನಾನು ರಾಯಬಾಗದಲ್ಲಿ ತಮ್ಮನ ಮನೆಯ ಮಗ್ಗುಲಿಗೆ ಮನೆ ಕಟ್ಟಿಸಿದೆ. ಆಸ್ಪತ್ರೆಯ ಕ್ರಮವನ್ನು ಬಿಡಲಿಲ್ಲ. ಐದಕ್ಕೆ ಏಳುವುದು, ಐದೂ ಮುಕ್ಕಾಲಿಗೆ ಸ್ನಾನ, ಆರಕ್ಕೆ ಜಗಲಿಯ ಮೇಲಿನ ದೇವರ ನಿನ್ನೆಯ ಹೂವು ತೆಗೆಯುವುದು. ಮಾಡಿದ್ದನ್ನೆಲ್ಲ ಹೊತ್ತು ಹಾಕಿ ಒಂದು ದಪ್ಪ ವಹಿಯಲ್ಲಿ ಬರೆಯುವುದು. ರೋಗಿಯ ಚಾರ್ಟು ಬರೆದ ಕೈ ಅದು. ಬರೆಯದೆ ಇದ್ದರೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ.

ಮನೆಕೆಲಸಕ್ಕೆ ಬುದ್ಧವಿಹಾರದ ಓಣಿಯ ಒಬ್ಬಾಕೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಎಂಟಕ್ಕೆ ಬಂದು ಒಂಬತ್ತಕ್ಕೆ ಹೋಗುವಳು. ಅಮಾವಾಸ್ಯೆಯ ದಿನ ಮಾತ್ರ ಮಧ್ಯಾಹ್ನದವರೆಗೆ ಇರುವಳು. ತನ್ನ ಮನೆಯಲ್ಲಿ ಅವಳು ಪೂಜೆ ಇಟ್ಟುಕೊಂಡಿರಲಿಲ್ಲ, ಆದರೆ ನನ್ನ ದೇವರ ತಾಮ್ರದ ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ಕನ್ನಡಿ ಮಾಡುತ್ತಿದ್ದಳು. ಏಳು ವರ್ಷದಲ್ಲಿ ಅವಳು ತಡಮಾಡಿ ಬಂದದ್ದು ಎರಡು ಸಲ. ಎರಡನ್ನೂ ನಾನು ವಹಿಯಲ್ಲಿ ಬರೆದಿದ್ದೇನೆ.

ಕ್ಯಾಮೆರಾ ಬಂದದ್ದು ಹೂವಿನ ಕಳ್ಳರ ದೆಸೆಯಿಂದ. ನನ್ನ ಅಂಗಳದ ದಾಸವಾಳವನ್ನು ಯಾರೋ ನಸುಕಿನಲ್ಲಿ ಕಿತ್ತೊಯ್ಯುತ್ತಿದ್ದರು. ತಮ್ಮ ನಿಪ್ಪಾಣಿಯ ಅಂಗಡಿಯೊಂದರಿಂದ ನಾಲ್ಕು ಕ್ಯಾಮೆರಾದ ಸೆಟ್ ತಂದು ಹಾಕಿಸಿದ. ಅಂಗಳಕ್ಕೆ ಎರಡು ಸಾಕಾಗಿತ್ತು. ನಾಲ್ಕು ಇದ್ದವಲ್ಲ, ಒಂದನ್ನು ಹಿತ್ತಿಲಿಗೂ ಒಂದನ್ನು ಪಡಸಾಲೆಯೊಳಗೂ ಜಡಿದರು. ಪಡಸಾಲೆಯದು ನೇರ ದೇವರ ಜಗಲಿಯನ್ನೇ ನೋಡುತ್ತಿತ್ತು. ಚಿತ್ರವೆಲ್ಲ ಒಂದು ರೆಕಾರ್ಡಿಂಗ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ನನ್ನ ಹಳೆಯ ಡಬ್ಬಿ ಟಿವಿಯಲ್ಲಿ ಕಾಣುತ್ತಿತ್ತು. ಕರೆಂಟು ಹೋದರೂ ನಿಲ್ಲಬಾರದೆಂದು ಪೆಟ್ಟಿಗೆಯನ್ನು ಇನ್ವರ್ಟರಿಗೆ ಜೋಡಿಸಿದ್ದರು. ಹೂವು ಕೀಳುತ್ತಿದ್ದವರು ಮೂರನೆಯ ದಿನವೇ ಸಿಕ್ಕರು: ತಮ್ಮನ ಹೆಂಡತಿ. ಅದನ್ನು ಅಲ್ಲಿಗೇ ಬಿಟ್ಟೆವು.

ಹದಿನೈದು ದಿನಕ್ಕೆ ಅಮಾವಾಸ್ಯೆ ಬಂತು, ಬುಧವಾರ. ನಮ್ಮವ್ವನ ಬೋರಮಾಳ, ಅಂದರೆ ಬೋರೆಹಣ್ಣಿನಷ್ಟು ದಪ್ಪ ಬಂಗಾರದ ಮಣಿಗಳ ಸರ, ಪ್ರತಿ ಅಮಾವಾಸ್ಯೆಗೆ ಕಪಾಟಿನಿಂದ ಹೊರಬರುತ್ತದೆ. ಅಂಟವಾಳದ ನೀರಿನಲ್ಲಿ ತೊಳೆದು ಲಕ್ಷ್ಮಿಯ ತಂಬಿಗೆಯ ಕೊರಳಿಗೆ ಹಾಕುತ್ತೇನೆ. ಮೇಲೆ ಹೂವಿನ ಮಾಲೆ. ಪೂಜೆ ಮುಗಿದ ಮೇಲೆ ಸರ ಕಪಾಟಿಗೆ. ಆ ಶುಕ್ರವಾರ ಬೆಳಿಗ್ಗೆ ತಮ್ಮನ ಮಗಳ ಸಾಕರಪುಡಾದ, ನಿಶ್ಚಿತಾರ್ಥದ ಮಾತು ಪಕ್ಕಾ ಆಯಿತು. ಹುಡುಗಿಯ ಕೊರಳಿಗೆ ಅಜ್ಜಿಯ ಬೋರಮಾಳ ಹಾಕಬೇಕೆಂದು ಮೊದಲಿನಿಂದ ಮಾತಿತ್ತು. ನಾನು ಕಪಾಟು ತೆಗೆದೆ. ಡಬ್ಬಿ ಖಾಲಿ.

ವಹಿ ನೋಡಿದೆ. ಬುಧವಾರದ ಸಾಲು ಸ್ಪಷ್ಟವಾಗಿತ್ತು: “ಹನ್ನೆರಡೂ ಹತ್ತು. ಬೋರಮಾಳ ಕಪಾಟಿಗೆ.” ನನ್ನದೇ ಅಕ್ಷರ. ಅಂದಮೇಲೆ ಸರ ಕಪಾಟಿನಿಂದಲೇ ಹೋಗಿರಬೇಕು. ಕಪಾಟಿನ ಕೀಲಿ ಎಲ್ಲಿರುತ್ತದೆ ಎಂದು ತಿಳಿದವರು ಇಬ್ಬರೇ, ನಾನು ಮತ್ತು ಅವಳು.

ತಮ್ಮ ಕ್ಯಾಮೆರಾದ ಪೆಟ್ಟಿಗೆಯ ಮುಂದೆ ಕುಳಿತ. ನಿಪ್ಪಾಣಿಯ ಅಂಗಡಿಯವನು ಫೋನಿನಲ್ಲಿ ಹೇಳಿದಂತೆ ರಿಮೋಟು ಒತ್ತಿದ. ಹಾಕಿಸಿದ ದಿನದಿಂದ ಬುಧವಾರ ಬೆಳಿಗ್ಗೆ ಒಂಬತ್ತರವರೆಗೆ ಎಲ್ಲ ಇತ್ತು. ಆಮೇಲೆ ಏನೂ ಇಲ್ಲ. ಗುರುವಾರ ಇಲ್ಲ, ಶುಕ್ರವಾರ ಇಲ್ಲ. ಟಿವಿಯಲ್ಲಿ ಮಾತ್ರ ಈಗಿನ ಚಿತ್ರ ಬರುತ್ತಲೇ ಇತ್ತು.

“ಹಂಗಾರ ಯಾರೋ ರೆಕಾರ್ಡಿಂಗ್ ಬಂದ ಮಾಡ್ಯಾರ್ರಿ,” ಎಂದ ಅಂಗಡಿಯವನು.

ತಮ್ಮ ಫೋನ್ ಇಟ್ಟ. “ಕ್ಯಾಮೆರಾ ಕುಂದ್ರಸುವಾಗ ನಿಚ್ಚಣಕಿ ಹಿಡಕೊಂಡ ನಿಂತಾಕಿ ಯಾರು? ಅಮಾಸಿ ದಿನಾ ಮಧ್ಯಾನತನಕಾ ಒಳಗ ಇದ್ದಾಕಿ ಯಾರು? ಅಕ್ಕಾ, ಇನ್ನ ನಾ ಏನ ಬಿಡಸಿ ಹೇಳಲಿ?”

ಅವನ ಹೆಂಡತಿ ಹೇಳಿದಳು: “ಆ ಓಣಿಯವರನ್ನ ಕಪಾಟತನಕಾ ಬಿಟ್ಟಕೊಂಡವರು ನೀವ ಅಲ್ರಿ.”

ಈ ಮಾತುಗಳನ್ನು ಅವಳು ಹಿತ್ತಿಲಲ್ಲಿ ನಿಂತು ಕೇಳಿದಳು. ನಾನು ತಡೆಯಲಿಲ್ಲ. ವಹಿಯಲ್ಲಿ ಬರೆದಿತ್ತಲ್ಲ.

ಶನಿವಾರ ಎಂಟಕ್ಕೆ ಅವಳು ಬಂದಳು. ಒಳಗೆ ಬರಲಿಲ್ಲ. ಗೇಟಿನ ಹೊರಗಿನ ಕಲ್ಲಿನ ಮೇಲೆ ಕುಳಿತಳು. “ಮಶೀನ ಬರೋಬರಿ ಆಗೂತನಕಾ ನಾ ಹೊಸ್ತಲಾ ದಾಟಂಗಿಲ್ರಿ ಅಕ್ಕಾರ. ಆದರ ಬರೂದ ಬಿಡಂಗಿಲ್ಲ. ಬಿಟ್ಟರ ಓಡಿ ಹ್ವಾದ್ಲು ಅಂತೀರಿ.” ಒಂಬತ್ತಕ್ಕೆ ಎದ್ದು ಹೋದಳು. ಭಾನುವಾರವೂ ಹಾಗೆಯೇ. ಓಣಿಯವರು ಹೋಗುತ್ತ ಬರುತ್ತ ನೋಡುತ್ತಿದ್ದರು. ಅವಳು ಕೆಲಸಕ್ಕೆ ಹೋಗುತ್ತಿದ್ದ ಬೇರೆ ಮೂರು ಮನೆಗಳಲ್ಲಿ ಎರಡು ಮನೆಯವರು ಆಗಲೇ “ಸದ್ಯ ಬ್ಯಾಡ” ಅಂದಿದ್ದಾರೆ ಎಂದು ತಿಳಿಯಿತು. ತಮ್ಮ ಸೋಮವಾರ ಸಂಜೆ ಪೊಲೀಸ್ ಠಾಣೆಗೆ ಹೋಗುವುದೆಂದು ನಿಶ್ಚಯಿಸಿದ.

ನಾನು ಮಾಮಾಗೆ ಹೇಳಿಕಳಿಸಿದೆ. ತಮ್ಮ ನಕ್ಕ. “ಅಂವಾ ರೇಡಿಯೋ ಕಾಲದಾಂವ ಅಕ್ಕಾ. ಕ್ಯಾಮೆರಾ ಅಂದರ ಫೋಟೋ ತಗೀತಾರ ಅಂತ ತಲಿ ಬಾಚಕೊಂಡ ಬರತಾನ.”

ಸೋಮವಾರ ಎಂಟಕ್ಕೆ ಮಾಮಾ ಬಂದರು. ಗೇಟಿನಲ್ಲಿ ಕುಳಿತವಳನ್ನು ನೋಡಿ ಒಂದು ಕ್ಷಣ ನಿಂತರು. “ಯಾಕವ್ವಾ, ಹೊರಗ?”

“ಒಳಗಿನ ಮಶೀನ ನಿಂತೈತ್ರಿ ಮಾಮಾ. ಅದಕ್ಕ ನಾನೂ ನಿಂತೇನಿ.”

ಮಾಮಾ ತಲೆಯಾಡಿಸಿ ಒಳಗೆ ಬಂದರು. ಚಪ್ಪಲಿ ಬಿಟ್ಟರು, ಟೋಪಿ ತೆಗೆದು ನೆಲಕ್ಕೆ ಅಂಗಾತ ಇಟ್ಟರು. ಟಿವಿಯಲ್ಲಿ ನಾಲ್ಕು ಚೌಕಗಳಲ್ಲಿ ನನ್ನ ಮನೆ ಕಾಣುತ್ತಿತ್ತು. ತಮ್ಮ ಅವಸರದಲ್ಲಿದ್ದ. ಪ್ರತಿ ಸೋಮವಾರ ಅವನು ಹೆಂಡತಿಯ ತವರಾದ ಜುಗೂಳಕ್ಕೆ ಹೋಗುತ್ತಾನೆ. ಅಲ್ಲಿ ಅವರ ಕಬ್ಬಿನಲ್ಲಿ ಅವನದೂ ಪಾಲಿದೆ. “ನಿಪ್ಪಾಣಿ ಅಂಗಡಿಯಾಂವ ಒಮ್ಮಿ ಬಂದ ಮಾಡಿ ಚಾಲೂ ಮಾಡ್ರಿ ಅಂದಾನ,” ಎಂದು ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದ.

ಮಾಮಾ ಅವನ ಮಣಿಕಟ್ಟು ಹಿಡಿದರು. “ತಡಿ. ಮದಲ ನನ್ನ ಮೂರ ಮಾತು.”

ಯಾವಾಗಿಂದ? ಬುಧವಾರ ಒಂಬತ್ತರಿಂದ ಎಂದೆ. ಅದಕ್ಕೆ ಮೊದಲು ಏನು ಮಾಡಿದಿರಿ? ಏನೂ ಮಾಡಿಲ್ಲ ಎಂದೆ.

“ಬಾಯಾರ, ನೀವು ಏನೂ ಮಾಡದ ಒಂದ ತಾಸೂ ಇರಾಕಿ ಅಲ್ಲ. ವಹಿ ತಗೀರಿ. ಬುಧವಾರದ್ದ ಓದ್ರಿ.”

ನಾನು ನಿಂತುಕೊಂಡು ಓದಿದೆ. ಐದಕ್ಕೆ ಎದ್ದದ್ದು, ಐದೂ ಮುಕ್ಕಾಲಿಗೆ ಸ್ನಾನ, ಎಂಟಕ್ಕೆ ಅವಳು ಬಂದದ್ದು. “ಒಂಬತ್ತು. ಅಮಾವಾಸ್ಯೆ ನಿಮಿತ್ತ ಮೇನ್ ಸ್ವಿಚ್ ಬಂದ್. ಒಂಬತ್ತೂ ಐವತ್ತು. ಚಾಲೂ.”

“ನಿಂದರ್ರಿ. ಯಾಕ ಬಂದ ಮಾಡಿದ್ರಿ?”

“ಪ್ರತಿ ಅಮಾಸಿಗೆ ಮಾಡತೇನ್ರಿ. ಫ್ರಿಜ್, ಮಿಕ್ಸರ್, ಫ್ಯಾನ್ ಎಲ್ಲಾ ಬಂದ ಮಾಡಿ, ಒರಸಿ, ವಿಭೂತಿ ಕುಂಕುಮ ಹಚ್ಚಿ ಮತ್ತ ಹಾಕತೇನಿ. ಈ ಪೆಟಿಗಿಗೂ ಹಚ್ಚೇನಿ.”

“ಇನ್ವರ್ಟರೂ ಬಂದ ಮಾಡಿದ್ರಿ?”

“ಅದಕ್ಕೂ ಪೂಜಿ ಬ್ಯಾಡೇನ್ರಿ?”

ಮಾಮಾ ಪೆಟ್ಟಿಗೆಯ ಕಡೆ ಬಗ್ಗಿ, “ಬೋಲ್ ಬಾಬಾ, ಕಾಯ್ ಝಾಲಂ?” ಎಂದರು. ಆಮೇಲೆ ಟಿವಿಯನ್ನು ನೋಡಿದರು. ಟಿವಿಯ ಮೇಲೆ ನಾನೇ ಬಿಳಿ ದಾರದಲ್ಲಿ ಹೆಣೆದ ಹೊದಿಕೆ ಇತ್ತು. ರಾತ್ರಿಪಾಳಿ ಇಲ್ಲದ ಮೊದಲ ವರ್ಷದಲ್ಲಿ ಹೆಣೆದದ್ದು. ಅದರ ಜಾಲರಿ ಅಂಚು ಪರದೆಯ ಮೇಲೆ ನಾಲ್ಕು ಬೆರಳು ಇಳಿಬಿದ್ದಿತ್ತು. ಚೆಂದ ಕಾಣಲೆಂದೇ ಹಾಗೆ ಬಿಟ್ಟಿದ್ದೆ. ಮಾಮಾ ಆ ಉಗುರಿನ ತುದಿಯಿಂದ ಬಲಗಡೆಯ ಜಾಲರಿಯನ್ನು ಮೆಲ್ಲಗೆ ಎತ್ತಿದರು.

ಅದರ ಹಿಂದೆ ಪರದೆಯ ಮೂಲೆಯಲ್ಲಿ ಬಿಳಿ ಅಂಕಿಗಳಿದ್ದವು.

“ಬಾಯಾರ, ನಿಮ್ಮ ಮನ್ಯಾಗ ಇವತ್ತ ಯಾವ ಇಸವಿ?”

ನಾನು ಕನ್ನಡಕ ಸರಿಪಡಿಸಿಕೊಂಡು ಓದಿದೆ. ಐದನೆಯ ತಾರೀಕು, ಜನವರಿ, ಎರಡು ಸಾವಿರ. ರಾತ್ರಿ ಹತ್ತೂ ನಲವತ್ತು. ಕಿಟಕಿಯ ಹೊರಗೆ ಬೆಳಗಿನ ಎಂಟೂವರೆಯ ಬಿಸಿಲು ಬಿದ್ದಿತ್ತು.

ಮಾಮಾ ಬಿಡಿಸಿ ಹೇಳಿದರು. ಪೆಟ್ಟಿಗೆಯ ಹೊಟ್ಟೆಯಲ್ಲಿ ಗುಂಡಿಯಷ್ಟಗಲದ ಒಂದು ಸೆಲ್ ಇರುತ್ತದೆ. ಕರೆಂಟಿಲ್ಲದಾಗ ಗಡಿಯಾರವನ್ನು ನಡೆಸುವುದು ಅದೇ. ಈ ಪೆಟ್ಟಿಗೆ ಗೋದಾಮಿನಲ್ಲಿ ಬಹಳ ದಿನ ಬಿದ್ದಿರಬೇಕು, ಸೆಲ್ ಸತ್ತಿದೆ. ಇನ್ವರ್ಟರ್ ಇದ್ದುದರಿಂದ ಹದಿನೈದು ದಿನ ಅದು ಗೊತ್ತಾಗಲಿಲ್ಲ. ನಾನು ಎಲ್ಲವನ್ನೂ ಆರಿಸಿ ಹೊತ್ತಿಸಿದಾಗ ಪೆಟ್ಟಿಗೆ ತಾರೀಕು ಮರೆತು ತನ್ನ ಎಣಿಕೆಯ ಮೊದಲ ದಿನದಿಂದ ಶುರುಮಾಡಿತು. “ರೆಕಾರ್ಡಿಂಗ್ ನಿಂತಿಲ್ರಿ. ಎಲ್ಲಾ ಐತಿ. ನೀವು ಹುಡುಕಿದ ತಾರೀಕಿನ್ಯಾಗ ಇಲ್ಲ, ಅಷ್ಟ.”

“ಅಲ್ಲಿ ಸೊನ್ನಿ ಸೊನ್ನಿ ಕಂಡೂವು,” ಎಂದ ತಮ್ಮ ಸಣ್ಣ ದನಿಯಲ್ಲಿ. “ನಾ ತುಂಬೂ ಜಾಗಾ ಅಂತ ತಿಳಕೊಂಡ ನಮ್ಮ ತಾರೀಕ ತುಂಬಿದೆ.”

“ಆಗಳೇ ಸ್ವಿಚ್ ಒತ್ತಿದ್ದಿ ಅಂದ್ರ ಮತ್ತ ಒಂದನೇ ತಾರೀಕಿಗೆ ಹೋಗಿ ಅದರ ಮ್ಯಾಲ ಇದು, ಎಲ್ಲಾ ಕಲಸಿ ಹೋಗತಿತ್ತು. ಬಾಯಾರ, ಸಲಾಯಿನ್ ಹನಿ ಎಣಿಕಿ ಮಾಡತಿದ್ರೆಲ್ಲಾ, ಹಂಗ ಮಾಡ್ರಿ. ಒಂಬತ್ತೂ ಐವತ್ತಂದ್ರ ಅದಕ್ಕ ಸೊನ್ನಿ. ಬೋರಮಾಳ ಕಪಾಟಿಗೆ ಹೋದದ್ದ ಯಾವಾಗ?”

“ಹನ್ನೆರಡೂ ಹತ್ತು. ಅಂದರ ಎರಡೂ ಇಪ್ಪತ್ತು.”

ಅವರು ರಿಮೋಟು ಒತ್ತಿದರು. ಎರಡು ಸಾವಿರದ ಇಸವಿ, ಜನವರಿ ಒಂದು, ಎರಡೂ ಇಪ್ಪತ್ತರ ನಸುಕು. ಪರದೆಯ ಮೇಲೆ ನನ್ನ ಪಡಸಾಲೆ ಮಟಮಟ ಮಧ್ಯಾಹ್ನದ ಬೆಳಕಿನಲ್ಲಿ ತುಂಬಿತ್ತು. ಕಳೆದುಹೋಗಿದ್ದ ಐದು ದಿನಗಳು ಒಂದೂ ನಿಮಿಷ ತಪ್ಪದೆ ಅಲ್ಲಿ ಕುಳಿತಿದ್ದವು. ತಮ್ಮ ಗಡಿಯಾರ ನೋಡಿಕೊಂಡ. “ನೀವು ನೋಡ್ರಿ, ನಾ ಜುಗೂಳಕ್ಕ ಹೊಂಟೆ. ಬರೂ ಮುಂದ ಸೆಲ್ ತರತೇನಿ,” ಎಂದು ಹೊರಗೆ ಹೋದ.

ನಾವಿಬ್ಬರೇ ನೋಡಿದೆವು. ಪೂಜೆ ಮುಗಿದಿದೆ. ಅವಳು ತಾಮ್ರದ ಸಾಮಾನು ಇಟ್ಟು ಹಿತ್ತಿಲ ಬಾಗಿಲಿನಿಂದ ಹೊರಟುಹೋಗಿದ್ದಾಳೆ. ನಾನು ಮೇಜಿಗೆ ಕುಳಿತು ವಹಿಯಲ್ಲಿ ಬರೆಯುತ್ತಿದ್ದೇನೆ. ನನ್ನ ಬೆನ್ನ ಹಿಂದೆ, ಲಕ್ಷ್ಮಿಯ ತಂಬಿಗೆಯ ಕೊರಳಲ್ಲಿ, ಹೂವಿನ ಮಾಲೆಯ ಕೆಳಗೆ, ಮಣಿಗಳು ಮಂಕಾಗಿ ಹೊಳೆಯುತ್ತಿವೆ.

ಅಂದರೆ ಸರವನ್ನು ಎತ್ತಿಡುವ ಮೊದಲೇ ನಾನು ಎತ್ತಿಟ್ಟೆ ಎಂದು ಬರೆದಿದ್ದೆ. ಪರದೆಯಲ್ಲಿನ ನಾನು ತಲೆ ಎತ್ತಿ ಬಾಗಿಲಿನ ಕಡೆ ನೋಡಿದೆ, ಎದ್ದು ಹೋದೆ. ಆಗ ನೆನಪಾಯಿತು: ಗ್ಯಾಸ್ ಸಿಲಿಂಡರಿನವನು ಕೂಗಿದ್ದ. ಮರಳಿ ಬಂದವಳು ವಹಿ ಮುಚ್ಚಿ ಅಡುಗೆಮನೆಗೆ ಹೋದೆ. ಕೊಡದ ಮಾತ್ರೆಯನ್ನು ಕೊಟ್ಟೆ ಎಂದು ಮೊದಲೇ ಬರೆದಿಟ್ಟ ಕಿರಿಯ ನರ್ಸುಗಳನ್ನು ನಾನು ಎಷ್ಟು ಸಲ ನಿಲ್ಲಿಸಿ ಬೈದಿದ್ದೇನೆ.

ಮಾಮಾ ಚಿತ್ರವನ್ನು ಮುಂದೆ ಓಡಿಸಿದರು. ಮಧ್ಯಾಹ್ನ, ಸಂಜೆ, ರಾತ್ರಿ. ಜಗಲಿಯ ಹತ್ತಿರ ಯಾರೂ ಬರಲಿಲ್ಲ. “ಮರದಿನಾ ಹೂವ ತಗೆಯೂದ ಎಷ್ಟಕ್ಕರಿ?”

“ಆರಕ್ಕ.” ಬೆರಳು ಮಡಿಚಿ ಎಣಿಸಿದೆ. “ಇಪ್ಪತ್ತ ತಾಸು, ಹತ್ತ ನಿಮಿಷ.”

ಅಲ್ಲಿ ನಾನಿದ್ದೆ. ಸ್ನಾನ ಮಾಡಿ, ಇನ್ನೂ ಕನ್ನಡಕ ಹಾಕಿಕೊಳ್ಳದೆ. ತಂಬಿಗೆಯ ಕೊರಳಿನಿಂದ ಬಾಡಿದ ಮಾಲೆಯನ್ನು ಒಂದೇ ಸಲಕ್ಕೆ ಎತ್ತಿದೆ. ಮಾಲೆಯ ಜೊತೆಗೆ ಮಣಿಗಳೂ ಎದ್ದು ಬಂದವು. ತಂಬಿಗೆಯ ಕೊರಳು ಬರಿದಾಯಿತು. ನಾನು ಎಲ್ಲವನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಗೂಟಕ್ಕೆ ತೂಗಿಸಿದೆ. ದೇವರ ಹೂವನ್ನು ನಾವು ಕಸಕ್ಕೆ ಹಾಕುವುದಿಲ್ಲ. ವಾರದ್ದೆಲ್ಲ ಚೀಲದಲ್ಲಿ ಕೂಡಿಸಿ ಸೋಮವಾರ ತಮ್ಮನ ಕೈಯಲ್ಲಿ ಕೊಡುತ್ತೇನೆ. ಅವನು ಜುಗೂಳದಲ್ಲಿ ಕೃಷ್ಣೆಗೆ ಬಿಟ್ಟು ಬರುತ್ತಾನೆ.

ಗೂಟ ನೋಡಿದೆ. ಖಾಲಿ. ಬೆಳಿಗ್ಗೆ ಏಳೂವರೆಗೇ, ಎಂದಿನಂತೆ, ನಾನೇ ಚೀಲವನ್ನು ಅವನ ಬೈಕಿನ ಹ್ಯಾಂಡಲಿಗೆ ತೂಗುಹಾಕಿ ಬಂದಿದ್ದೆ.

ಹೊರಗೆ ಬೈಕಿಗೆ ಕಿಕ್ ಹೊಡೆದ ಸದ್ದು. ಹತ್ತಲಿಲ್ಲ.

ಮಾಮಾ ಕಿಟಕಿಯ ಕಡೆಯೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪರದೆಯನ್ನೇ ನೋಡುತ್ತ ಹೇಳಿದರು: “ಹೋಗ್ರಿ ಬಾಯಾರ. ಹೊರಗ ಕುಂತಾಕಿಗೆ ಇದನ್ನ ನಾ ಹೇಳೂದಲ್ಲ. ನಾ ಹೇಳಿದರ ಬರೇ ರಿಪೇರಿ ಆಗತೈತಿ.”

ವಾರ್ಡಿನಲ್ಲಿ ಓಡಬಾರದು ಎಂಬುದು ನಮಗೆ ಮೊದಲ ದಿನ ಕಲಿಸಿದ ಪಾಠ. ಮೂವತ್ತನಾಲ್ಕು ವರ್ಷ ಓಡಿರಲಿಲ್ಲ. ಆ ದಿನ ಓಡಿದೆ. ಎರಡನೆಯ ಕಿಕ್ಕಿಗೂ ಬೈಕು ಹತ್ತಿರಲಿಲ್ಲ. ತಮ್ಮ ಮೂರನೆಯದಕ್ಕೆ ಕಾಲೆತ್ತಿದ್ದ. ಗೇಟಿನ ಕಲ್ಲಿನ ಮೇಲೆ ಅವಳು ಕುಳಿತಿದ್ದಳು. ಅವಳ ತಲೆಯಿಂದ ಒಂದು ಮೊಳ ದೂರದಲ್ಲಿ, ಬೈಕಿನ ಹ್ಯಾಂಡಲಿನಲ್ಲಿ, ಆ ಚೀಲ ತೂಗುತ್ತಿತ್ತು.

ಚೀಲ ಕಿತ್ತುಕೊಂಡೆ. ಅವಳ ಮುಂದೆ ನೆಲಕ್ಕೆ ಕುಳಿತು ನನ್ನ ಸೆರಗಿನ ಮೇಲೆ ಸುರಿದೆ. ಒಣಗಿದ ಚೆಂಡುಹೂವು, ಬಿಲ್ವಪತ್ರೆ, ಕರ್ರಗಾದ ದಾಸವಾಳ. ಕಟ್ಟಕಡೆಗೆ, ದಾರದಲ್ಲಿ ಸಿಕ್ಕಿಕೊಂಡು, ನಮ್ಮವ್ವನ ಬೋರಮಾಳ.

ಓಣಿಯಲ್ಲಿ ಐದಾರು ಮಂದಿ ನಿಂತಿದ್ದರು. ತಮ್ಮನ ಹೆಂಡತಿ ಬಾಗಿಲಿಗೆ ಬಂದಿದ್ದಳು. ಎಲ್ಲರಿಗೂ ಕೇಳುವಂತೆ ಹೇಳಿದೆ: “ಇದನ್ನ ಒಗದಾಕಿ ನಾನು. ಇಡದ ಇಟ್ಟೇನಿ ಅಂತ ಬರದಾಕಿನೂ ನಾನು. ನಿನ್ನ ಮ್ಯಾಲ ಹೊರಿಸಿದ್ದು ತಪ್ಪು. ತಪ್ಪ ನಂದು.”

ಅವಳು ಸರ ಮುಟ್ಟಲಿಲ್ಲ. “ಮಶೀನದಾಗ ಕಂಡದ್ದ ನನಗೂ ತೋರಸ್ರಿ,” ಎಂದಳು.

ಒಳಗೆ ಬಂದಳು. ಮಾಮಾ ಎದ್ದು ತಾವು ಕುಳಿತಿದ್ದ ಕುರ್ಚಿಯನ್ನೇ ಅವಳಿಗೆ ಸರಿಸಿದರು. ಏಳು ವರ್ಷದಲ್ಲಿ ಅವಳು ನನ್ನ ಮನೆಯ ಕುರ್ಚಿಯಲ್ಲಿ ಕುಳಿತದ್ದು ಅಂದೇ ಮೊದಲು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬರೆಯಬೇಕು. ಮಾಮಾ ಮೊದಲಿನಿಂದ ತೋರಿಸಿದರು. ತಾನು ನೆಲ ಒರೆಸುವುದನ್ನು, ತಂಬಿಗೆ ಇಟ್ಟು ಹಿಂದೆ ಸರಿಯುವುದನ್ನು, ಹಿತ್ತಿಲ ಬಾಗಿಲಿನಿಂದ ಹೋಗುವುದನ್ನು ಅವಳು ನೋಡಿದಳು. ನಾನು ಮಾಲೆ ಎತ್ತುವುದನ್ನೂ ನೋಡಿದಳು.

“ಇನ್ನೊಮ್ಮಿ ಹಾಕ್ರಿ ಮಾಮಾ.”

ಮಾಮಾ ಮತ್ತೆ ಹಾಕಿದರು. ಮೂರು ಸಲ. ಮೂರನೆಯ ಸಲ ತಮ್ಮ, ಅವನ ಹೆಂಡತಿ, ಗೇಟಿನಲ್ಲಿ ನಿಂತಿದ್ದ ಓಣಿಯವರು ಎಲ್ಲ ಹಿಂದೆ ನಿಂತು ನೋಡಿದರು. ಅವಳು ಹಿಂದಕ್ಕೆ ತಿರುಗಿ ತಮ್ಮನನ್ನು ನೋಡಿ, “ನಿಚ್ಚಣಕಿ ಹಿಡಿದದ್ದು ನೀವು ಬೀಳಬಾರದು ಅಂತರಿ ಸಾವ್ಕಾರ್ರ,” ಎಂದಳು. ತಮ್ಮ ತಲೆ ತಗ್ಗಿಸಿ ಕೈಮುಗಿದ. ಅವನ ಹೆಂಡತಿ ಒಳಗೆ ಹೋಗಿ ಚಹಾ ಮಾಡಿ ತಂದು ಮೊದಲ ಕಪ್ಪನ್ನು ಅವಳ ಕೈಗೆ ಕೊಟ್ಟಳು.

ಸೆಲ್ಲಿಗೆ ಎಲ್ಲಿಗೂ ಹೋಗಬೇಕಾಗಲಿಲ್ಲ. ನನ್ನ ತೂಕದ ಯಂತ್ರದಲ್ಲಿ ಅದೇ ಅಳತೆಯದು ಇತ್ತು. ಆ ಐದು ದಿನಗಳಲ್ಲಿ ಬೇಕಾದ ಚಿತ್ರವನ್ನು ಮೊದಲು ಪೆನ್ ಡ್ರೈವಿಗೆ ಇಳಿಸಿಟ್ಟು, ಆಮೇಲೆ ಮಾಮಾ ಪೆಟ್ಟಿಗೆ ಬಿಚ್ಚಿದರು. ಸ್ಕ್ರೂಗಳು ಒಂದೊಂದಾಗಿ ಟೋಪಿಯೊಳಗೆ ಬಿದ್ದವು. ಸತ್ತ ಸೆಲ್ಲನ್ನು ಉಗುರಿನಿಂದ ಮೀಟಿ ತೆಗೆದು ಹೊಸದನ್ನು ಕೂರಿಸಿದರು. ತಾರೀಕು ತಿದ್ದಿದರು. ಮೇನ್ ಸ್ವಿಚ್ಚನ್ನೂ ಇನ್ವರ್ಟರನ್ನೂ ನನ್ನ ಕೈಯಿಂದಲೇ ಬಂದ್ ಮಾಡಿಸಿ ಚಾಲೂ ಮಾಡಿಸಿದರು. ಮೂಲೆಯ ಅಂಕಿಗಳು ಅಲುಗಲಿಲ್ಲ. ಹೆಣಿಕೆಯ ಹೊದಿಕೆಯನ್ನು ನಾನೇ ಮಡಿಚಿ ತೆಗೆದೆ.

ಕೊನೆಯ ಸ್ಕ್ರೂ ತಿರುಗಿಸಿ ಮಾಮಾ ಟೋಪಿ ಕೊಡವಿ ತಲೆಗೆ ಏರಿಸಿದರು. ಅದನ್ನೇ ಕಾಯುತ್ತಿದ್ದವಳಂತೆ ಅವಳು ಎದ್ದಳು. ಸೆರಗು ಸಿಕ್ಕಿಸಿಕೊಂಡಳು.

“ಒಂಬತ್ತ ಆಗಿ ಹೋತ್ರಿ ಅಕ್ಕಾರ. ಭಾಂಡಿ ಮೂರ ದಿನದ್ದೂ ಹಂಗ ಅದಾವೇನು?”

“ನಾ ತಿಕ್ಕೇನಿ,” ಎಂದೆ.

ಅವಳು ಒಂದು ತಂಬಿಗೆ ಎತ್ತಿ ಬೆಳಕಿಗೆ ಹಿಡಿದಳು. “ಇದಕ್ಕ ತಿಕ್ಕೂದು ಅಂತಾರೇನ್ರಿ?” ಓಣಿಯವರೆಲ್ಲ ನಕ್ಕರು. ಅವಳೂ ನಕ್ಕಳು.

ಮಾಮಾ ಹೊರಡುವಾಗ ನಾನು ವಹಿ ತೆಗೆದು ಆ ಹನ್ನೆರಡೂ ಹತ್ತರ ಸಾಲಿಗೆ ಮಸಿ ಬಳಿಯಲು ಹೋದೆ. ಅವರು ಕೈ ಅಡ್ಡ ಹಿಡಿದರು. “ಅಳಸಬ್ಯಾಡ್ರಿ. ನಿಮ್ಮ ದವಾಖಾನ್ಯಾಗ ತಪ್ಪ ಬರದರ ಏನ ಮಾಡತಿದ್ರಿ?” ಓದಲು ಬರುವಂತೆ ಒಂದೇ ಗೆರೆ ಹೊಡೆದು, ಮಗ್ಗುಲಲ್ಲಿ ನಿಜ ಬರೆದು, ಸಹಿ ಮಾಡುವುದು ನಮ್ಮ ನಿಯಮ. ಹಾಗೆಯೇ ಮಾಡಿದೆ. ಆ ಗೆರೆ ಇಂದಿಗೂ ವಹಿಯಲ್ಲಿದೆ. ಅಂದಿನಿಂದ ಮಾಡುವ ಮೊದಲು ಒಂದಕ್ಷರವನ್ನೂ ಬರೆದಿಲ್ಲ.

ಅವಳನ್ನು ಬೇಡವೆಂದಿದ್ದ ಎರಡು ಮನೆಯವರೂ ಅದೇ ವಾರ ಕರೆಯಲು ಬಂದರು. ಒಂದು ಮನೆಗೆ ಹೋದಳು, ಇನ್ನೊಂದಕ್ಕೆ ಹೋಗಲಿಲ್ಲ. ಅದು ಅವಳ ಇಷ್ಟ. ಸಾಕರಪುಡಾದ ದಿನ ತಮ್ಮ ತಾನೇ ಅವಳ ಓಣಿಗೆ ಹೋಗಿ ಕರೆದುಕೊಂಡು ಬಂದ. ಹುಡುಗಿಯ ಕೊರಳಿಗೆ ಬೋರಮಾಳದ ಕೊಂಡಿ ಹಾಕಿದ್ದು ಅವಳ ಕೈ. ಮಾಮಾ ಮೊದಲ ಸಾಲಿನಲ್ಲಿ ಟೋಪಿ ಹಾಕಿಕೊಂಡು ಕುಳಿತು ಎರಡು ಸಲ ಹೋಳಿಗೆ ಹಾಕಿಸಿಕೊಂಡರು.

ನಾಲ್ಕು ವರ್ಷದ ಮೇಲೆ ಅವರ ಶ್ವಾಸಕೋಶ ಸೋತಿತು. ಕೊನೆಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ನಾನು ದಿನವೂ ಎಂಟಕ್ಕೆ ಹೋಗಿ ಮೈ ಒರೆಸುತ್ತಿದ್ದೆ. ಮಧ್ಯಾಹ್ನ ಅವಳು ಗಂಜಿ ತರುತ್ತಿದ್ದಳು. “ಕೆಟ್ಟೈತೇನ್ರಿ ಬಾಯಾರ, ನನ್ನ ಮಶೀನ?” ಎಂದು ಒಮ್ಮೆ ಅವರೇ ಕೇಳಿದರು.

“ಕೆಟ್ಟೈತಿ ಅನಬ್ಯಾಡ್ರಿ,” ಎಂದೆ. ಅವರು ಆಕ್ಸಿಜನ್ ಮಾಸ್ಕಿನೊಳಗೇ ನಕ್ಕದ್ದು ಕಣ್ಣಿನಲ್ಲಿ ಕಂಡಿತು.

ರೋಗಿಯ ಉಗುರು ಬೆಳೆಯಲು ಬಿಡಬಾರದು. ಅದು ನಿಯಮ, ನನ್ನ ಕೈಯಲ್ಲಿ ಎಂದೂ ತಪ್ಪಿರಲಿಲ್ಲ. ಕೊನೆಯ ಶನಿವಾರ ಸಂಜೆ ಕತ್ತರಿ ತೆಗೆದುಕೊಂಡು ಅವರ ಕೈ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒಂಬತ್ತು ಉಗುರು ತೆಗೆದೆ. ಹತ್ತನೆಯದರ ಹತ್ತಿರ ಬಂದಾಗ ಅವರು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಕತ್ತರಿಯನ್ನು ಟ್ರೇದಲ್ಲಿ ಇಟ್ಟೆ. ಅವರ ಅಂಗಿಯ ಕಿಸೆಯಿಂದ ಕಾನಸು ತೆಗೆದು ಆ ಹೆಬ್ಬೆರಳಿನ ಉಗುರಿನ ತುದಿಯನ್ನು, ಅವರು ಮಾಡುತ್ತಿದ್ದ ಹಾಗೆಯೇ, ನೆಟ್ಟಗೆ, ಚಪ್ಪಟೆಯಾಗಿ ತಿಕ್ಕಿದೆ.

ಮುಗಿದ ಮೇಲೆ ವಹಿಯಲ್ಲಿ ಬರೆದೆ.